ಅಜ್ಜನಿಗೆ ಚಕ್ಕುಲಿ, ಅಜ್ಜನ ಜನಕ್ಕೆ?



ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಅತಿತ್ಲಾನ್ ಎಂಬ ಸರೋವರವಿದೆ. ಅದರ ದಡದ ಸಾಂತಿಯಾಗೊ ಅತಿತ್ಲಾನ್ ಊರಿನ ಮಾಯಾ ಜನ ನಂಬುವ ದೈವ ಮಾಶಿಮೋನ್. ಮರದ ಮೂರ್ತಿ, ತಲೆಗೆ ಹ್ಯಾಟು, ಕೊರಳಿಗೆ ಬಣ್ಣಬಣ್ಣದ ವಸ್ತ್ರ, ಬಾಯಲ್ಲಿ ಚುಟ್ಟಾ. ವರ್ಷಕ್ಕೊಂದು ಮನೆಯಲ್ಲಿ ಅವನ ವಾಸ. ಹೊರಗಿನಿಂದ ಬಂದವರೂ ಸಿಗರೇಟು, ಮದ್ಯ ಒಪ್ಪಿಸಿ ಹರಕೆ ಹೇಳಿಕೊಳ್ಳಬಹುದು. ಫೋಟೋ ತೆಗೆಯಲು ಬೇರೆ ಕಾಣಿಕೆ.

ಇದನ್ನು ಕೇಳಿದ ಕೂಡಲೇ ಕರಾವಳಿಯ ನಮಗೆಲ್ಲ ಕೊರಗಜ್ಜನ ನೆನಪಾಗುತ್ತದೆ. ಅಜ್ಜನಿಗೂ ವೀಳ್ಯ, ಚಕ್ಕುಲಿ, ಕಳ್ಳು ಪ್ರೀತಿ. ವಸ್ತು ಕಳೆದರೆ ಅಜ್ಜನನ್ನು ನೆನೆಯುವ ನಂಬಿಕೆ ನಮ್ಮೊಂದಿಗೆ ಮುಂಬಯಿಗೂ ಬಂದಿದೆ. ನಮ್ಮ ಬಿಲ್ಡಿಂಗಿನ ಮರಾಠಿ ನೆರೆಯಾಕೆಯ ಮಂಗಳಸೂತ್ರ ಕಾಣೆಯಾದಾಗ, ‘ಅಜ್ಜನಿಗೆ ಚಕ್ಕುಲಿ ಹೇಳಿಕೊಳ್ಳಿ’ ಎಂದೆ. ಸರ ಸಿಕ್ಕಿತು. ಅವರೇ ಚಕ್ಕುಲಿ ಕರಿದು ತಂದು, ‘ಈ ಅಜ್ಜ ಯಾರು?’ ಎಂದು ಕೇಳಿದರು.

ಪಾಡ್ದನದ ಕಥೆ ಹೇಳಿದೆ. ಕೊರಗರ ಮಗ ತನಿಯ ತಬ್ಬಲಿ. ಸಾಕಿದವಳು ಕಳ್ಳು ಮಾರುವ ಮೈರಕ್ಕೆ ಬೈದೆತಿ. ದೈವಸ್ಥಾನಕ್ಕೆ ಹಲವರು ಹೊರುವ ಹೊರೆಯನ್ನು ತನಿಯ ಒಬ್ಬನೇ ಹೊತ್ತ. ಆದರೆ ಜಾತಿಯ ಕಾರಣಕ್ಕೆ ಅವನಿಗೆ ಒಳಗೆ ಪ್ರವೇಶವಿಲ್ಲ. ಅಲ್ಲೇ ಮಾಯವಾಗಿ ದೈವವಾದ.

‘ಅವನು ತಂದದ್ದು ಬೇಕು, ಅವನು ಬೇಡವೇ?’ ಎಂದರು ನೆರೆಯಾಕೆ.

ಈ ಪ್ರಶ್ನೆ ನಮಗೂ ಸೇರಿದ್ದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವಂಥ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಅಜ್ಜನಿಗೆ ಕೈಮುಗಿಯುವ ನಾಡಿನಲ್ಲೇ ಇದೂ ನಡೆದಿತ್ತು.

2022ರಲ್ಲಿ ‘ಕಾಂತಾರ’ ಬಂದ ಮೇಲೆ ಮಕ್ಕಳಿಗೆ ದೈವದ ವೇಷ ಹಾಕುವ ಆಸೆ ಹೆಚ್ಚಿದೆ. ನಮ್ಮ ಛದ್ಮವೇಷ ಸ್ಪರ್ಧೆಯಲ್ಲಿ ದೈವದ ವೇಷವೂ ಬೇಡ, ಕೊರಗರ ವೇಷವೂ ಬೇಡ ಎಂಬುದು ನನ್ನ ವಿನಂತಿ. ಅದರ ಬದಲು ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಕೊರಗ ಸೋದರಿಯರನ್ನು ಊರಿನಿಂದ ಕರೆಸೋಣ. ಪ್ರಯಾಣದ ಖರ್ಚು, ಸಂಭಾವನೆ ಕೊಟ್ಟು, ವೇದಿಕೆಯಲ್ಲಿ ಅತಿಥಿಗಳಾಗಿ ಕೂರಿಸಿ, ಅಜ್ಜನ ಕಥೆಯನ್ನು ಅವರ ಬಾಯಿಂದಲೇ ಕೇಳೋಣ. ಅಂದು ನೆರೆಯ ಮರಾಠಿ, ಗುಜರಾತಿ ಗೆಳತಿಯರನ್ನೂ ಕರೆಯೋಣ. ಚಕ್ಕುಲಿ ಕರಿಯುವ ಕೆಲಸ ನನಗಿರಲಿ.