ಕೃಷ್ಣೆಯ ಗೆಳೆಯ

ಕಥೆಯಲ್ಲಿ ಒಂದು ಗಂಡು ಒಂದು ಹೆಣ್ಣು ಸಲುಗೆಯಿಂದ ಮಾತಾಡಿದರೆ ಸಾಕು, ಇವರಿಬ್ಬರಿಗೆ ಮದುವೆ ಯಾವಾಗ ಎಂದು ನಾವು ಕಾಯತೊಡಗುತ್ತೇವೆ. ಮಹಾಭಾರತದ ಕೃಷ್ಣ ಮತ್ತು ಕೃಷ್ಣೆ ಎಂಬ ಹೆಸರೂ ಇದ್ದ ದ್ರೌಪದಿಯ ಮುಂದೆ ಆ ಲೆಕ್ಕಾಚಾರ ನಡೆಯುವುದಿಲ್ಲ.

ಪಾಂಡವರು ವನವಾಸದಲ್ಲಿದ್ದ ಕಾಮ್ಯಕವನಕ್ಕೆ ಕೃಷ್ಣ ಬಂದಾಗ, ಕೌರವರ ಸಭೆಯಲ್ಲಾದ ಅವಮಾನವನ್ನು ನೆನೆದು ಗಂಡಂದಿರ ಎದುರಿನಲ್ಲೇ ದ್ರೌಪದಿ ಅವನ ಮುಂದೆ ಅಳುತ್ತಾಳೆ. ತನಗೆ ಗಂಡಂದಿರಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ, ತಂದೆಯಿಲ್ಲ, ಕೊನೆಗೆ ನೀನೂ ಇಲ್ಲ ಎಂದುಬಿಡುತ್ತಾಳೆ. ಹಕ್ಕಿದ್ದವರು ಮಾತ್ರ ಆಡಬಲ್ಲ ಮಾತದು! ಕೃಷ್ಣ ಬೇಸರಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿನ್ನನ್ನು ಅಳಿಸಿದವರ ಹೆಂಡಿರೂ ಅಳುವ ದಿನ ಬರುತ್ತದೆ ಎಂದು ಮಾತು ಕೊಡುತ್ತಾನೆ.

ಶಿಷ್ಯರೊಡನೆ ದೂರ್ವಾಸ ಮುನಿ ಊಟಕ್ಕೆ ಬಂದ ಪ್ರಸಂಗವಂತೂ ಎಲ್ಲರಿಗೂ ಗೊತ್ತು. ದ್ರೌಪದಿಯ ಊಟ ಮುಗಿದು, ಅಲ್ಲಿಯವರೆಗೆ ಮಾತ್ರ ಅನ್ನ ಕೊಡುವ ಅಕ್ಷಯಪಾತ್ರೆ ಬರಿದಾಗಿದೆ. ಕೃಷ್ಣ ಬಂದವನೇ ಹಸಿವು ಎನ್ನುತ್ತಾನೆ. ಪಾತ್ರೆಯ ಕಂಠಕ್ಕೆ ಅಂಟಿದ್ದ ಸೊಪ್ಪಿನ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ; ಅಷ್ಟಕ್ಕೇ ಅತಿಥಿಗಳ ಹೊಟ್ಟೆ ತುಂಬುತ್ತದೆ. ಸ್ವಂತ ಮನೆಯೆಂಬಂತೆ ಅಡುಗೆಮನೆಗೆ ನುಗ್ಗುವ ಗೆಳೆಯನ ಸಲುಗೆ ಅದು.

ಗಾಯಗೊಂಡ ಕೃಷ್ಣನ ಬೆರಳಿಗೆ ಅವಳು ಸೀರೆಯಂಚು ಹರಿದು ಕಟ್ಟಿದಳೆಂಬ ಕಥೆ ವ್ಯಾಸಭಾರತದಲ್ಲಿಲ್ಲ. ಅದು ಜನ ಆಮೇಲೆ ಕಟ್ಟಿಕೊಂಡದ್ದು. ರಾಖಿಯ ದಾರವಿಲ್ಲದೆ ಈ ನಂಟನ್ನು ಒಪ್ಪಿಕೊಳ್ಳಲು ನಮಗೆ ಕಷ್ಟವಾಯಿತೇನೋ. ನನಗಂತೂ ವ್ಯಾಸರ ದಾರಿಯೇ ಹಿಡಿಸುತ್ತದೆ. ಅಲ್ಲಿ ದ್ರೌಪದಿ ಧೈರ್ಯವಾಗಿ ತಾನು ಕೃಷ್ಣನ ಸಖಿ ಎನ್ನುತ್ತಾಳೆ.

ನಿಮ್ಮ ಮಗಳು ಗೆಳೆಯನೊಬ್ಬನನ್ನು ಮನೆಗೆ ಕರೆತಂದರೆ, ಏನು ನಂಟು ಎಂದು ಕೇಳುವ ಮೊದಲು ಇಬ್ಬರಿಗೂ ಒಂದು ಲೋಟ ಕಾಫಿ ಕೊಡಿ.