ನಮ್ಮ ಟ್ಯಾಂಕ್ ತುಂಬೋದೇ ಇಲ್ಲ

ಊಟ ಮಾಡ್ತಾ ಇದನ್ನ ನೋಡ್ತಿದ್ದರೆ ದಯವಿಟ್ಟು ನಿಲ್ಲಿಸಿ, ಆಮೇಲೆ ನೋಡಿ. ಇವತ್ತಿನ ಮಾತು ಸೆಪ್ಟಿಕ್ ಟ್ಯಾಂಕ್ ಬಗ್ಗೆ.

ನಾನು ಕೆಲಸಕ್ಕೆ ಅಂತ ವಿಶಾಖಪಟ್ಟಣಕ್ಕೆ ಬಂದಾಗ ಮಧುರವಾಡದಲ್ಲಿ ಒಂದು ಬಿಡಿ ಮನೆ ಬಾಡಿಗೆಗೆ ಹಿಡಿದಿದ್ವಿ. ಋಷಿಕೊಂಡದ ಐಟಿ ಆಫೀಸುಗಳಿಗೆ ಹತ್ತಿರ, ಮಹಡಿ ಹತ್ತಿದರೆ ಸಮುದ್ರ. ಮೊದಲ ಮಳೆಗಾಲದಲ್ಲೇ ಬಚ್ಚಲ ನೀರು ಹಿಂದಕ್ಕೆ ಬರೋಕೆ ಶುರುವಾಯ್ತು. ಓನರ್ ಗಾರುಗೆ ಫೋನ್ ಮಾಡಿದರೆ "ಏಮೀ ಕಾದು ಬಾಬೂ, ಲಾರಿ ಪಿಲುಸ್ತಾನು" ಅಂದರು. ಏನೂ ಆಗಲ್ಲ, ಲಾರಿ ಕರೆಸ್ತೀನಿ ಅಂತ. ಲಾರಿ ಬಂತು, ಪೈಪ್ ಇಳಿಸಿದರು, ಹೀರಿಕೊಂಡು ಹೋದರು. ಎರಡು ವಾರ ಬಿಟ್ಟು ಪ್ಲಂಬರ್ ಮುಚ್ಚಳ ಸರಿಸಿದಾಗ ನೋಡಿದರೆ ಟ್ಯಾಂಕ್ ಮತ್ತೆ ತುಂಬಿದೆ! "ದುಡ್ಡು ಇಸ್ಕೊಂಡು ಮೋಸ ಮಾಡಿದ್ರು ನೋಡಿ" ಅಂತ ನನ್ನ ಹೆಂಡತಿ. ನಾನೂ ಹಾಗೇ ಅಂದ್ಕೊಂಡೆ. ಇಂಜಿನಿಯರ್ ಅಂತ ಹೆಸರಿಗೆ. ಮನೆಯ ಟ್ಯಾಂಕ್ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿರಲಿಲ್ಲ.

ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರಬೇಕು. ಒಳಗೆ ಬಂದಷ್ಟು ನೀರು ಆ ಕಡೆಯ ಪೈಪಿಂದ ಇಂಗುಗುಂಡಿಗೆ ಹೋಗತ್ತೆ. ಭಾರದ್ದು ತಳಕ್ಕೆ ಕೂತು ಹೂಳಾಗತ್ತೆ, ಜಿಡ್ಡು ಮೇಲೆ ಕೆನೆ ಥರ ಕಟ್ಟತ್ತೆ, ನಡುವೆ ನೀರು. ಹೂಳನ್ನ ಬ್ಯಾಕ್ಟೀರಿಯಾಗಳು ತಿಂತಾವೆ, ಆದರೆ ಪೂರ್ತಿ ತಿನ್ನಲ್ಲ. ವರ್ಷದಿಂದ ವರ್ಷಕ್ಕೆ ಅದು ಮೇಲೇರತ್ತೆ. ಹೂಳು, ಕೆನೆ ಎರಡೂ ಸೇರಿ ಟ್ಯಾಂಕಿನ ಮೂರನೇ ಒಂದು ಪಾಲು ಆಯ್ತು ಅಂದರೆ ತೆಗೆಸೋ ಕಾಲ ಬಂತು. ಬಿಟ್ಟರೆ ಹೂಳೇ ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದೆಲ್ಲ ಮುಚ್ಚಿಬಿಡತ್ತೆ. ವಿಶಾಖಪಟ್ಟಣದ ಗುಡ್ಡದ ಕಡೆ ಬಂಡೆ ಜಾಸ್ತಿ, ಮೊದಲೇ ನೀರು ಇಂಗೋದು ಕಷ್ಟ. ಅಲ್ಲಿ ಹೂಳೂ ಸೇರಿಕೊಂಡರೆ ನೀರಿಗೆ ಉಳಿಯೋ ದಾರಿ ಒಂದೇ, ನಮ್ಮ ಬಚ್ಚಲು.

ಎಷ್ಟು ವರ್ಷಕ್ಕೊಮ್ಮೆ? ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಅಂತಾರೆ. 1985ರ ಭಾರತೀಯ ಮಾನಕ, ಐಎಸ್ 2470, ಐದು ಜನರ ಮನೆಗೆ ಹೇಳೋ ಟ್ಯಾಂಕ್ ಕೇಳಿದರೆ ನಗ್ತೀರಿ: ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ ಒಂದು ಮೀಟರ್. ಅಷ್ಟೇ. ಆದರೆ ಅದನ್ನ ವರ್ಷಕ್ಕೊಮ್ಮೆ ತೆಗೆಸಬೇಕು. ನಾವು ಮಾಡೋದು ತಲೆಕೆಳಗು. ದೊಡ್ಡದಾಗಿ ಕಟ್ಟಿಬಿಟ್ಟರೆ ಜನ್ಮಕ್ಕೆ ತೆಗೆಸೋ ಗೋಜಿಲ್ಲ ಅಂತ ಹತ್ತಡಿ ಉದ್ದ, ಆರಡಿ ಅಗಲ, ಆರಡಿ ಆಳ ತೋಡಿಸ್ತೀವಿ. ಅದು ಹತ್ತು ಸಾವಿರ ಲೀಟರ್. ನಾಲ್ಕು ಸಾವಿರ ಲೀಟರಿನ ಗಾಡಿ ಮೂರು ಸಲ ಓಡಾಡಬೇಕು, ಮೂರು ಸಲದ ದುಡ್ಡು ಕೊಡಬೇಕು. ಅದಕ್ಕೇ ಮುಂದಿನ ವರ್ಷ ನೋಡೋಣ ಅಂತ ಮುಂದಕ್ಕೆ ಹಾಕ್ತೀವಿ.

ಈಗ ನಮ್ಮ ಊರಿನ ವಿಷಯ. ತೀರ್ಥಹಳ್ಳಿ ಕಡೆ. 2008ರಲ್ಲಿ ಅಪ್ಪಯ್ಯ ಮನೆ ಕಟ್ಟಿಸಿದಾಗ ಮೇಸ್ತ್ರಿ ಇದೇ ಅಳತೆಯ ಗುಂಡಿ ತೋಡಿದ್ದರು. ಸುತ್ತ ಕಲ್ಲು, ಮೇಲೆ ಸ್ಲ್ಯಾಬ್, ತಳಕ್ಕೆ ಮಾತ್ರ ಕಾಂಕ್ರೀಟ್ ಇಲ್ಲ. "ನೀರು ತಾನಾಗೇ ಇಂಗ್ತದೆ ಅಯ್ಯಾ, ಇದು ತುಂಬೂದೇ ಇಲ್ಲ" ಅಂದಿದ್ದರಂತೆ. ನೆಂಟರು ಬಂದಾಗ ಅಪ್ಪಯ್ಯ ಹೆಮ್ಮೆಯಿಂದ ಹೇಳೋರು, ನಮ್ಮ ಟ್ಯಾಂಕ್ ತುಂಬೋದೇ ಇಲ್ಲ ಅಂತ. ನಾನೂ ಊರಿಗೆ ಇನ್ವರ್ಟರ್ ಕಳಿಸಿದೆ, ಸಿಸಿಟಿವಿ ಹಾಕಿಸಿದೆ, ಅಡುಗೆಮನೆಗೆ ಫಿಲ್ಟರ್ ಕೂಡಿಸಿದೆ. ಗುಂಡಿ ಬಗ್ಗೆ ಒಂದು ದಿನ ಕೇಳಲಿಲ್ಲ. ಬಾವಿಗೂ ಅದಕ್ಕೂ ಮಧ್ಯೆ ಮೂವತ್ತೈದು ಅಡಿ.

2022ರ ಫೆಬ್ರುವರಿ, ತಂಗಿ ಮದುವೆಗೆ ಎರಡು ತಿಂಗಳಿತ್ತು. ಜನ ಬರ್ತಾರೆ, ಒಮ್ಮೆ ತೆಗೆಸಿಬಿಡೋಣ ಅಂತ ಅಪ್ಪಯ್ಯ ಸಕ್ಕಿಂಗ್ ಗಾಡಿ ಕರೆಸಿದರು. ನಾನು ವಿಡಿಯೋ ಕಾಲಲ್ಲಿದ್ದೆ. ಮೇಲಿನ ನೀರು ಹೋಯ್ತು. ಆಮೇಲೆ ಪೈಪ್ ಗೊರ್ ಗೊರ್ ಅನ್ನತ್ತೆ, ಏನೂ ಬರಲ್ಲ. ಹದಿನಾಲ್ಕು ವರ್ಷದ ಹೂಳು ತಳದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಗಾಡಿ ಜೊತೆ ಬಂದಿದ್ದ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಅಂಗಿ ಬಿಚ್ಚಿ ಸ್ಲ್ಯಾಬ್ ಮೇಲೆ ಇಟ್ಟ. "ಎರಡು ಸಾವಿರ ಜಾಸ್ತಿ ಕೊಡ್ತಾರಂತೆ ಅಂದ್ರೆ ಇಳಿದು ಬಕೆಟಲ್ಲಿ ತೆಗೀತಾನಂತೆ ಮಾರಾಯ, ಏನ್ ಹೇಳ್ಲಿ?" ಅಂತ ಅಪ್ಪಯ್ಯ ನನ್ನ ಕೇಳಿದರು.

ನಿಜ ಹೇಳ್ತೀನಿ, ಎರಡು ಸೆಕೆಂಡ್ ನಾನು ದುಡ್ಡಿನ ಲೆಕ್ಕ ಹಾಕಿದೆ. ಆಮೇಲೆ ಕೂಗಿದೆ, "ಬೇಡ ಅಪ್ಪಯ್ಯ, ಬೇಡ. ಅವನ ಕೈ ಹಿಡಕೊಳ್ಳಿ."

ಮುಚ್ಚಿದ ಟ್ಯಾಂಕಲ್ಲಿ ಹೈಡ್ರೋಜನ್ ಸಲ್ಫೈಡ್ ಇರತ್ತೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಅದು ಮೂಗನ್ನೇ ಸಾಯಿಸತ್ತೆ, ವಾಸನೆ ಗೊತ್ತೇ ಆಗಲ್ಲ. ಈಗ ವಾಸನೆ ಕಮ್ಮಿಯಾಯ್ತು ಅಂತ ಇಳಿದವನು ಒಂದೆರಡು ಉಸಿರಿಗೆ ಬೀಳಬಹುದು. ಕೂತ ಹೂಳನ್ನ ಕಲಕಿದಾಗಲೇ ಗ್ಯಾಸ್ ಜಾಸ್ತಿ ಏಳೋದು. ಅವನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. ಪೇಪರಲ್ಲಿ ಇಬ್ಬರು ಸತ್ತರು, ಮೂವರು ಸತ್ತರು ಅಂತ ಓದ್ತೀವಲ್ಲ, ಅದು ಹೀಗೇ.

ಕಾನೂನೂ ಇದೆ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್ ನಿಷೇಧ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಒಬ್ಬರನ್ನ ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು, ಇಲ್ಲಾ ಎರಡು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಗಾಡಿಯವರಿಗೆ ಮಾತ್ರ ಅಂದ್ಕೋಬೇಡಿ, ಕೆಲಸ ಮಾಡಿಸಿದ ಮನೆಯವರಿಗೂ ಅನ್ವಯಿಸತ್ತೆ. 1993ರಿಂದ ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ಅಕ್ಟೋಬರಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. 2014ರ ಆ ಕೇಸ್ ಹಾಕಿದ್ದು ಸಫಾಯಿ ಕರ್ಮಚಾರಿ ಆಂದೋಲನ. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು, ಅಲ್ಲಿನ ಒಣ ಪಾಯಿಖಾನೆಗಳನ್ನ ಬಳಿಯೋ ಕೆಲಸದಲ್ಲಿದ್ದ ಮನೆತನ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಜವಾಡ ಅಂದರೆ ವಿಜಯವಾಡದ ಹಳೇ ಹೆಸರು. ವಿಜಯವಾಡ ಸ್ಟೇಷನ್ನಲ್ಲಿ ಇಳಿದಾಗೆಲ್ಲ ನನಗೆ ಅವರ ಹೆಸರು ನೆನಪಾಗತ್ತೆ, ಜೊತೆಗೆ ಸ್ಲ್ಯಾಬ್ ಮೇಲೆ ಮಡಚಿಟ್ಟಿದ್ದ ಆ ಅಂಗಿ.

ಅವತ್ತು ಏನು ಮಾಡಿದ್ವಿ? ಹೂಳಿನ ಮೇಲೆ ಪಂಪಿಂದ ಜೋರಾಗಿ ನೀರು ಬಿಟ್ಟು ರಾತ್ರಿಯಿಡೀ ನೆನೆಸಿದ್ವಿ. ಮರುದಿನ ಗಾಡಿ ಎರಡು ಸಲ ಬಂತು. ಆ ಹುಡುಗನಿಗೆ ಅಮ್ಮ ಎರಡು ಸಾವಿರ ಕೊಟ್ಟೇ ಕಳಿಸಿದರು, ಇಳಿಯದೇ ಇದ್ದಿದ್ದಕ್ಕೆ. ಬಾವಿ ನೀರನ್ನ ಪರೀಕ್ಷೆಗೆ ಕಳಿಸಿದ್ವಿ, ಕೋಲಿಫಾರ್ಮ್ ಇದೆ ಅಂತ ವರದಿ ಬಂತು. ತುಂಬೋದೇ ಇಲ್ಲ ಅನ್ನೋ ಟ್ಯಾಂಕ್ ಹದಿನಾಲ್ಕು ವರ್ಷ ಎಲ್ಲಿಗೆ ಖಾಲಿಯಾಗ್ತಿತ್ತು ಅಂತ ಆಗ ಅಪ್ಪಯ್ಯನಿಗೆ ಗೊತ್ತಾಯ್ತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ ಪಾಪ. ಬಾವಿಯಿಂದ ಅರವತ್ತಡಿಯಾದರೂ ದೂರ ಇರಬೇಕು ಅನ್ನೋದು ಅಳತೆ. ಹಳೇ ಗುಂಡಿ ಮುಚ್ಚಿಸಿ, ಮನೆಯ ಆ ಕಡೆ, ತಳಕ್ಕೆ ಕಾಂಕ್ರೀಟ್ ಹಾಕಿದ ಎರಡು ಕೋಣೆಯ ಹೊಸದು ಕಟ್ಟಿಸಿದ್ವಿ. ನಾಲ್ಕು ಸಾವಿರ ಲೀಟರ್, ಅಂದರೆ ಒಂದು ಗಾಡಿಯಷ್ಟು. ಇದನ್ನ ಬೇಕಂತಲೇ ಹೀಗೆ ಮಾಡಿದ್ದು.

ವಿಜಯವಾಡದವರಿಗೆ ಒಂದು ಮಾತು. 2024ರ ಸೆಪ್ಟೆಂಬರಲ್ಲಿ ಬುಡಮೇರು ಉಕ್ಕಿ ಅಜಿತ್ ಸಿಂಗ್ ನಗರದ ಕಡೆ ಮನೆಗಳೊಳಗೆ ನೀರು ನುಗ್ಗಿತಲ್ಲ, ನೀರಿಳಿದ ತಕ್ಷಣ ಎಲ್ಲರಿಗೂ ಟ್ಯಾಂಕ್ ಖಾಲಿ ಮಾಡಿಸೋ ಅವಸರ. ಅಲ್ಲಿರೋ ನಮ್ಮ ಹುಬ್ಬಳ್ಳಿ ಗೆಳೆಯನೂ "ಎಷ್ಟರ ರೊಕ್ಕ ತಗೊಳ್ಳಲಿ, ಇವತ್ತ ತೆಗಸ್ತೀನಿ" ಅಂತ ಕೂತಿದ್ದ. ತಡಿ ಅಂದೆ. ಕೃಷ್ಣಾ ಬಯಲಲ್ಲಿ ಅಂತರ್ಜಲ ಮೇಲೇ ಇರತ್ತೆ, ಪ್ರವಾಹ ಆದಮೇಲೆ ಕೇಳೋದೇ ಬೇಡ. ಸುತ್ತ ನೆಲ ನೀರು ಕುಡಿದಿರುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿದರೆ ಹೊರಗಿನ ನೀರು ಅದನ್ನ ದೋಣಿ ಥರ ಮೇಲಕ್ಕೆ ಒತ್ತತ್ತೆ. ಪ್ಲಾಸ್ಟಿಕ್ ಟ್ಯಾಂಕ್ ಆದರೆ ಎದ್ದೇ ಬರಬಹುದು, ಇಟ್ಟಿಗೆಯದಾದರೆ ತಳ, ಗೋಡೆ ಬಿರುಕು ಬಿಡಬಹುದು. ಜನವರಿಯಿಂದ ಏಪ್ರಿಲ್ ಒಳಗೆ ತೆಗೆಸೋದು ಒಳ್ಳೇದು. ಮಲೆನಾಡಿಗಂತೂ ಅದೇ ಸರಿ, ಮಳೆ ಹಿಡಿದಮೇಲೆ ಗಾಡಿ ಅಂಗಳದ ತನಕ ಬರೋದೇ ಇಲ್ಲ.

ಹೀರಿದ್ದು ಎಲ್ಲಿಗೆ ಹೋಗತ್ತೆ ಅಂತ ಗಾಡಿಯವರನ್ನ ಕೇಳಿ. ಕೇಳೋರೇ ಇಲ್ಲ, ಅದಕ್ಕೇ ಎಷ್ಟೋ ಕಡೆ ಹಳ್ಳಕ್ಕೆ, ಕೆರೆಗೆ ಸುರೀತಾರೆ. ನಾವು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳೀತೀವಲ್ಲ, ಅದೇ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೇ ಅಂತ ಒಂದು ಘಟಕ ಶುರುವಾಯ್ತು. ಒಂದು ಊರಿನ ಮಟ್ಟಕ್ಕೆ ದೇಶದಲ್ಲೇ ಮೊದಲನೆಯದು. ಹೂಳನ್ನ ಅಲ್ಲಿ ಹಾಸುಗಳ ಮೇಲೆ ಒಣಗಿಸಿ ಗೊಬ್ಬರ ಮಾಡ್ತಾರೆ. ಮಹಾರಾಷ್ಟ್ರದ ವಾಯಿ ಪಟ್ಟಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಯವರು ಫೋನ್ ಮಾಡೋದಕ್ಕೆ ಕಾಯದೆ, ಪಾಳಿ ಪ್ರಕಾರ ಮೂರು ವರ್ಷಕ್ಕೊಮ್ಮೆ ಪುರಸಭೆಯೇ ಮನೆಮನೆಗೆ ಗಾಡಿ ಕಳಿಸತ್ತೆ. ನಮ್ಮೂರಲ್ಲಿ ಅದಿಲ್ಲ, ಅದಕ್ಕೇ ಪಾಳಿ ನಾವೇ ಇಟ್ಕೊಂಡಿದೀವಿ.

ಮುಂದಿನ ರಜೆಗೆ ಊರಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಕೊನೆ ಸಲ ಯಾವಾಗ ತೆಗೆಸಿದ್ದು, ತಳಕ್ಕೆ ಕಾಂಕ್ರೀಟ್ ಇದೆಯಾ, ಬಾವಿ ಎಷ್ಟು ದೂರ. ಮುಚ್ಚಳ ಎಲ್ಲಿದೆ ಅಂತಾನೂ ನೋಡಿ, ಎಷ್ಟೋ ಮನೆಯಲ್ಲಿ ಅದರ ಮೇಲೆ ಟೈಲ್ಸ್ ಹಾಕಿಬಿಟ್ಟಿರ್ತಾರೆ. ಆಸಿಡ್, ಫಿನಾಯಿಲ್ ಸುರಿದು ತೊಳೆಯೋದು ಬೇಡ, ಕೆಲಸ ಮಾಡೋ ಬ್ಯಾಕ್ಟೀರಿಯಾ ಸಾಯತ್ತೆ. ತೆಗೆಸುವಾಗ ತಳದಲ್ಲಿ ಸ್ವಲ್ಪ ಹೂಳು ಬಿಡಲಿ, ಹೆಪ್ಪಿಗೆ ಮೊಸರು ಉಳಿಸ್ತೀವಲ್ಲ ಹಾಗೆ. ಗಾಡಿ ಗೊತ್ತು ಮಾಡೋ ಮುಂಚೆ ಫೋನಲ್ಲೇ ಹೇಳಿ: ಯಾರೂ ಇಳಿಯೋ ಹಾಗಿಲ್ಲ. ನಗರಗಳಲ್ಲಿ 14420 ಅಂತ ಸಹಾಯವಾಣಿಯೂ ಇದೆ.

ನಮ್ಮ ಹೊಸ ಟ್ಯಾಂಕಿನ ಮೊದಲ ಪಾಳಿ 2025ರ ಫೆಬ್ರುವರಿಯಲ್ಲಿ ಬಂತು. ಮೂರೇ ವರ್ಷದ ಹೂಳು, ಮೆತ್ತಗಿತ್ತು, ಒಂದೇ ಗಾಡಿಗೆ ಸರಾಗವಾಗಿ ಬಂತು. ನಲವತ್ತು ನಿಮಿಷ. ವಿಡಿಯೋ ಕಾಲಲ್ಲಿ ನೋಡೋಕೆ ಏನೂ ಇರಲಿಲ್ಲ. ಗಾಡಿಯವರು ಕೈಕಾಲು ತೊಳಕೊಂಡು ಅಪ್ಪಯ್ಯನ ಜೊತೆ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದರು. ಅಪ್ಪಯ್ಯ ಒಳಗೆ ಹೋಗಿ ಕ್ಯಾಲೆಂಡರ್ ಹಿಂದಿನ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದರು, 2028 ಫೆಬ್ರುವರಿ.