ತಂಪು ಹವೆ, ತೀಕ್ಷ್ಣ ಬಿಸಿಲು: ದುಡಿಯುವವರ ಕಣ್ಣಿನ ರಕ್ಷಣೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಪಠ್ಯ)



ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರುಂಟು. ಈ ತಂಪು ಹವೆಯೇ ಕಣ್ಣಿನ ವಿಷಯದಲ್ಲಿ ನಮ್ಮನ್ನು ಮೈಮರೆಸುತ್ತದೆ. ಕಣ್ಣಿಗೆ ಕೇಡು ಮಾಡುವುದು ಬಿಸಿಲಿನ ಕಾವಲ್ಲ. ಬಿಸಿಲಿನೊಳಗಿದ್ದು ನೋಟಕ್ಕೆ ಕಾಣದ, ಮೈಗೆ ಬಿಸಿಯೆನಿಸದ ನೇರಳಾತೀತ ಕಿರಣ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೇರಿದರೆ ಇದರ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹಾಸನ ನಗರವು 900 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಆಗಸ್ಟಿನಲ್ಲಿ ಮೋಡವಿದೆಯೆಂದು ನೆಮ್ಮದಿ ಬೇಡ. ತೆಳುಮೋಡವನ್ನು ಈ ಕಿರಣ ಸುಲಭವಾಗಿ ದಾಟುತ್ತದೆ.

ಇದರ ಹಾನಿ ಒಂದು ದಿನದ್ದಲ್ಲ, ವರ್ಷಗಳ ಸಂಚಯ. ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ತ್ರಿಕೋನಾಕಾರದಲ್ಲಿ ಮಾಂಸ ಬೆಳೆಯುವುದು ಹೊರಗೆ ದುಡಿಯುವವರಲ್ಲಿಯೇ ಹೆಚ್ಚು. ಕಣ್ಣಿನೊಳಗಿನ ಮಸೂರ ಮಬ್ಬಾಗಿ ಪೊರೆ ಬರುವುದಕ್ಕೆ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳ ಜೊತೆಗೆ ಬಿಸಿಲೂ ಒಂದು ಕಾರಣ. ಮಕ್ಕಳ ಮಸೂರವು ಹಿರಿಯರದಕ್ಕಿಂತ ಹೆಚ್ಚು ಕಿರಣವನ್ನು ಒಳಬಿಡುತ್ತದೆ.

ಆಲೂಗೆಡ್ಡೆಯ ಹೊಲದಲ್ಲಿ, ಹೊಗೆಸೊಪ್ಪಿನ ಸಾಲುಗಳಲ್ಲಿ ದಿನವಿಡೀ ಬಾಗಿ ದುಡಿಯುವವರನ್ನು ನೆನೆಯಿರಿ. ನಾಲೆಯ ಬಯಲಿನಲ್ಲಿ ನಾಟಿ ಹಾಕುವ ಹೆಣ್ಣುಮಕ್ಕಳಿಗೆ ಬಿಸಿಲು ಮೇಲಿನಿಂದಷ್ಟೇ ಅಲ್ಲ, ನಿಂತ ನೀರಿನಿಂದಲೂ ಪ್ರತಿಫಲಿಸಿ ಬರುತ್ತದೆ. ತಲೆಗೆ ಸುತ್ತಿದ ಟವೆಲು, ಹೊದ್ದ ಸೆರಗು ನೆತ್ತಿಯನ್ನು ಕಾಯುತ್ತವೆಯೇ ಹೊರತು ಕಣ್ಣಿಗೆ ನೆರಳು ನೀಡವು. ಕೂಲಿಯವನ ನೋಟ ಮಂಜಾದರೆ ಕೂಲಿ ನಿಲ್ಲುತ್ತದೆ. ಅವನನ್ನು ಕೈಹಿಡಿದು ನಡೆಸಲು ಮನೆಯ ಮತ್ತೊಬ್ಬರ ದುಡಿಮೆಯೂ ನಿಲ್ಲುತ್ತದೆ. ಆದುದರಿಂದ ಇದು ಪಂಚಾಯಿತಿಯ ವಿಷಯ.

ಜನರಿಗೆ ತಿಳಿಸಬೇಕಾದುದು ಸರಳ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವಷ್ಟು ಹೊತ್ತು ಕಿರಣ ಪ್ರಬಲವಾಗಿರುತ್ತದೆ. ಸುತ್ತಲೂ ಮೂರು ಅಂಗುಲ ಅಂಚಿರುವ ಟೋಪಿ ಧರಿಸಿದರೆ ಕಣ್ಣಿಗೆ ಬೀಳುವ ಕಿರಣ ಗಣನೀಯವಾಗಿ ತಗ್ಗುತ್ತದೆ. ಕನ್ನಡಕ ಕೊಳ್ಳುವಾಗ ಬಣ್ಣವನ್ನಲ್ಲ, ‘ಯುವಿ 400’ ಎಂಬ ಗುರುತನ್ನು ನೋಡಬೇಕು. ರಕ್ಷಣೆಯಿಲ್ಲದ ಕಪ್ಪು ಗಾಜು ಅಪಾಯಕಾರಿ: ಕತ್ತಲೆಗೆ ಪಾಪೆ ಅಗಲವಾಗಿ ತೆರೆದು ಹೆಚ್ಚು ಕಿರಣ ಒಳಹೋಗಬಹುದು. ಗ್ರಹಣಕಾಲದಲ್ಲಾಗಲಿ ಇತರ ಸಮಯದಲ್ಲಾಗಲಿ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು. ಅಕ್ಷಿಪಟಲ ಸುಟ್ಟರೆ ಹೋದ ನೋಟ ಮರಳದಿರಬಹುದು. ಬಂದ ಪೊರೆಯನ್ನು ಯಾವ ಹನಿಯೂ ಸೊಪ್ಪಿನ ರಸವೂ ಕರಗಿಸದು; ಶಸ್ತ್ರಚಿಕಿತ್ಸೆಯೇ ಪರಿಹಾರ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಉದ್ಯೋಗ ಖಾತರಿ ಕಾಮಗಾರಿಗಳನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಆರಂಭಿಸಿ, ನಡುಹಗಲಿನಲ್ಲಿ ಬಿಡುವು ನೀಡುವಂತೆ ನೋಡಿಕೊಳ್ಳುವುದು. ಸ್ಥಳದಲ್ಲಿ ನೆರಳು ಮತ್ತು ಕುಡಿಯುವ ನೀರು ಇರುವುದನ್ನು ಖಚಿತಪಡಿಸಿಕೊಳ್ಳುವುದು.

2. ಶಾಲಾ ಮೈದಾನ, ಬಸ್ ತಂಗುದಾಣ, ಸಂತೆಮಾಳಗಳಲ್ಲಿ ಹೊಂಗೆ, ಬೇವು, ಆಲದಂತಹ ನೆರಳಿನ ಮರಗಳನ್ನು ನೆಟ್ಟು ಉಳಿಸುವುದು.

3. ಶಾಲೆಯ ಆಟೋಟಗಳನ್ನು ಬೆಳಿಗ್ಗೆ ಅಥವಾ ಸಂಜೆಗೆ ಇಡುವಂತೆ ಮುಖ್ಯೋಪಾಧ್ಯಾಯರನ್ನು ಕೋರುವುದು.

4. ನೋಟ ಮಂಜಾದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವುದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಿಂದ ಜಾರಿಯಲ್ಲಿದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.

ಇವುಗಳಲ್ಲಿ ಬಹುಪಾಲಿಗೆ ಹೊಸ ಅನುದಾನ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಸಾಕು. ತಮ್ಮ ವಾರ್ಡಿನಲ್ಲಿ ನೋಟ ಮಂಜಾಗಿ ಮನೆಯಲ್ಲಿಯೇ ಕುಳಿತವರು ಯಾರೆಂಬುದು ತಮಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿಯದು. ಅವರ ಮನೆಗೆ ತಾವೇ ಮೊದಲು ಹೋಗಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.